ಸತ್ಯಾಂಶ: ಮಕ್ಕಳಿಗೆ ‘ಬೇಡ’ ಅನ್ನಲೇಬಾರದು ಅಂತ ರೋಜರ್ಸ್ ಹೇಳಿದ್ದರೇ?

ನಮ್ಮ ಮಡಿಕೇರಿಯ ನೆಂಟರ ವಾಟ್ಸಾಪ್ ಗುಂಪಿಗೆ ಮೊನ್ನೆ ಒಂದು ಫಾರ್ವರ್ಡ್ ಬಂತು. ‘ಮಗುವಿಗೆ ಬೇಡ ಅಂದರೆ ಅದರ ವ್ಯಕ್ತಿತ್ವವೇ ಮುರಿಯುತ್ತದೆ, ಹೀಗೆಂದವರು ಮನಶ್ಶಾಸ್ತ್ರಜ್ಞ ಕಾರ್ಲ್ ರೋಜರ್ಸ್.’ ಇದು ತಪ್ಪು.

ಅಮೆರಿಕದ ರೋಜರ್ಸ್ (1902–1987) ಹೇಳಿದ್ದು ಷರತ್ತಿಲ್ಲದ ಒಪ್ಪಿಗೆಯ ಬಗ್ಗೆ. ಆ ಒಪ್ಪಿಗೆ ಮಗುವಿಗೆ, ಅದು ಮಾಡುವ ಎಲ್ಲ ಕೆಲಸಕ್ಕಲ್ಲ. 1951ರ ಪುಸ್ತಕದಲ್ಲಿ ಅವರು ಕೊಟ್ಟ ಉದಾಹರಣೆಯೇ ಪುಟ್ಟ ತಮ್ಮನಿಗೆ ಹೊಡೆಯುವ ಮಗುವಿನದು. ಅದರ ಸಿಟ್ಟನ್ನು ಒಪ್ಪಬಹುದು, ಹೊಡೆಯಲು ಬಿಡಬೇಕಿಲ್ಲ.

ನಮ್ಮ ಕಾಫಿ ಕಣದಲ್ಲೇ ನೋಡಿ. ಹರವಿದ ಹಣ್ಣನ್ನು ತಂಗಿ ತುಳಿದಳು ಅಂತ ಅಣ್ಣ ಕೈ ಎತ್ತುತ್ತಾನೆ. ‘ಸಿಟ್ಟು ಬಂತು ಅಲ್ವಾ? ಬರಲಿ. ಆದ್ರೆ ಹೊಡೆಯೋ ಹಾಗಿಲ್ಲ’ ಅಂದು ಕೈ ಹಿಡಿದರೆ ಸಾಕು. ‘ಒಳ್ಳೆ ಹುಡುಗನಿಗೆ ಸಿಟ್ಟೇ ಬರಲ್ಲ’ ಅಂದರೆ ಎಡವಟ್ಟು. ಆಗ ಅವನು ತನಗೆ ಸಿಟ್ಟು ಬಂದಿದ್ದನ್ನು ತನ್ನಿಂದಲೇ ಮುಚ್ಚಿಡಲು ಕಲಿಯುತ್ತಾನೆ.

ರೋಜರ್ಸ್ ಹೆದರಿದ್ದು ಇದಕ್ಕೆ. ‘ಹೀಗಿದ್ದರೆ ಮಾತ್ರ ನೀನು ಬೇಕು’ ಎಂಬ ಷರತ್ತುಗಳನ್ನು ಮಗು ನುಂಗಿ, ಅವನ್ನೇ ‘ನಾನು’ ಅಂದುಕೊಳ್ಳುತ್ತದೆ. ನಿಜವಾಗಿ ಅನಿಸುವುದಕ್ಕೂ ಈ ‘ನಾನು’ಗೂ ಅಂತರ ಬೆಳೆದಷ್ಟೂ ಆತಂಕ ಜಾಸ್ತಿ. ಹಾಕಿ ಸ್ಟಿಕ್ ಕಂಡರೆ ಆಗದ ಹುಡುಗ ಅಪ್ಪನಿಗಾಗಿ ಸುಮ್ನೆ ಮೈದಾನಕ್ಕೆ ಹೋಗುವುದನ್ನು ಕೊಡಗಿನಲ್ಲಿ ನಾವು ಕಂಡಿಲ್ಲವೇ? (ಬೇರೆ ಕಡೆ ಅದು ಎಂಜಿನಿಯರಿಂಗ್ ಸೀಟು ಆಗಿರಬಹುದು.)

‘ಐದು ವರ್ಷಕ್ಕೇ ವ್ಯಕ್ತಿತ್ವ ಮುಗಿಯಿತು’ ಅಂತಲೂ ಫಾರ್ವರ್ಡಿನಲ್ಲಿತ್ತು. ಅದೂ ರೋಜರ್ಸ್ ಮಾತಲ್ಲ. ದೊಡ್ಡವರಾದ ಮೇಲೂ, ತೀರ್ಪು ಕೊಡದೆ ಕೇಳುವವರು ಸಿಕ್ಕರೆ ಮನುಷ್ಯ ಬದಲಾಗುತ್ತಾನೆ ಎಂಬ ನಂಬಿಕೆ ಮೇಲೇ ಅವರ ಚಿಕಿತ್ಸೆ ನಿಂತಿತ್ತು.