ಕಿಂಬರ್ಲಿಯನ್ನು ಬ್ರೂಮ್‌ನಿಂದಲೇ ನೋಡಿ ಮುಗಿಸಲಾಗದು

ಪಶ್ಚಿಮ ಆಸ್ಟ್ರೇಲಿಯಾದ ಕಿಂಬರ್ಲಿ ಪ್ರದೇಶದ ಬಗ್ಗೆ ನೀವು ಪ್ರವಾಸ ಲೇಖನ ಬರೆದದ್ದಕ್ಕೆ ಧನ್ಯವಾದ. ಆದರೆ ಅಲ್ಲಿನ ಕರಾವಳಿ ಪಟ್ಟಣ ಬ್ರೂಮ್‌ನಲ್ಲೇ ತಂಗಿ ಎಲ್ಲವನ್ನೂ ಒಂದೊಂದು ದಿನದ ಪ್ರವಾಸದಲ್ಲಿ ನೋಡಬಹುದು ಅನ್ನುವ ಲೇಖನದ ಸಲಹೆ ನನಗೆ ಒಪ್ಪಿಗೆಯಿಲ್ಲ. ಆ ಪ್ರದೇಶದ ವಿಸ್ತಾರ 4 ಲಕ್ಷ ಚದರ ಕಿ.ಮೀ.ಗೂ ಹೆಚ್ಚು, ಅಂದರೆ ನಮ್ಮ ಕರ್ನಾಟಕದ ಎರಡು ಪಟ್ಟು! ಬ್ರೂಮ್‌ನಿಂದ ಪಕ್ಕದ ಪಟ್ಟಣ ಡರ್ಬಿಗೇ ಸುಮಾರು 220 ಕಿ.ಮೀ. ಆಗುತ್ತದೆ.

ಕಿಂಬರ್ಲಿಯ ವಿಂಜಾನಾ ಕಣಿವೆ ಮತ್ತು ಗುಹೆಯೊಳಗೆ ಹರಿಯುವ ತೊರೆ ಟನೆಲ್ ಕ್ರೀಕ್ ಎರಡನ್ನೂ ನಿಧಾನವಾಗಿ ನೋಡಬೇಕು. ವಿಂಜಾನಾದ ಸುಣ್ಣಕಲ್ಲಿನ ಗೋಡೆಗಳು 35 ಕೋಟಿ ವರ್ಷಗಳಿಗೂ ಹಿಂದೆ ಸಮುದ್ರದೊಳಗಿದ್ದ ದಿಬ್ಬ. ಕೆಳಗಿನ ಮಡುಗಳಲ್ಲಿ ಸಿಹಿನೀರಿನ ಮೊಸಳೆಗಳು ಬಿಸಿಲು ಕಾಯುತ್ತಿರುತ್ತವೆ. ಟನೆಲ್ ಕ್ರೀಕ್‌ನಲ್ಲಿ ಗುಡ್ಡದ ಅಡಿಯಲ್ಲೇ ಸುಮಾರು 750 ಮೀಟರ್ ಕತ್ತಲಲ್ಲಿ, ನೀರಿನಲ್ಲಿ ನಡೆಯಬೇಕು. ಟಾರ್ಚ್ ಮರೆಯಬೇಡಿ. ಅಲ್ಲಿನ ಮೂಲನಿವಾಸಿಗಳಾದ ಬುನುಬಾ ಜನರ ಹೋರಾಟಗಾರ ಜಂಡಮರ್ರ 1897ರಲ್ಲಿ ಸಾವನ್ನಪ್ಪಿದ್ದು ಇದೇ ಜಾಗದಲ್ಲಿ. ಲೇಖನದಲ್ಲಿ ಅವರ ಹೆಸರೇ ಇಲ್ಲದಿರುವುದು ಬೇಸರ ತಂದಿತು.

ಪುರ್ನುಲುಲು ರಾಷ್ಟ್ರೀಯ ಉದ್ಯಾನ ಅಂತೂ ಬೇರೆಯೇ ದಿಕ್ಕು. 2003ರಲ್ಲಿ ವಿಶ್ವ ಪರಂಪರೆಯ ಪಟ್ಟಿ ಸೇರಿದ ಈ ಉದ್ಯಾನದ ಜೇನುಗೂಡಿನಂಥ ಕಲ್ಲಿನ ಗುಮ್ಮಟಗಳಿಗೆ ಹೆದ್ದಾರಿಯಿಂದ ಒಳಗೆ ಹೋಗುವ 53 ಕಿ.ಮೀ. ಕಚ್ಚಾ ದಾರಿಗೇ ಎರಡು ಮೂರು ಗಂಟೆ ಹಿಡಿಯುತ್ತದೆ, ಅದೂ ಫೋರ್ ವೀಲ್ ಡ್ರೈವ್ ಇದ್ದರೆ. ಅಲ್ಲೇ ಡೇರೆ ಹಾಕಿ ಒಂದು ರಾತ್ರಿಯಾದರೂ ಉಳಿಯಿರಿ.

ನವೆಂಬರ್‌ನಿಂದ ಏಪ್ರಿಲ್‌ವರೆಗೆ ಮಳೆಯಿಂದಾಗಿ, ಕಿಂಬರ್ಲಿಯ ನಡುವೆ ಹಾದುಹೋಗುವ ಗಿಬ್ ರಿವರ್ ರಸ್ತೆಯ ಭಾಗಗಳು ಮುಚ್ಚಿಹೋಗುತ್ತವೆ. ಹೊರಡುವ ಮೊದಲು ರಸ್ತೆಯ ಸ್ಥಿತಿ ವಿಚಾರಿಸಿಕೊಳ್ಳಿ, ನೀರನ್ನೂ ಇಂಧನವನ್ನೂ ಅಗತ್ಯಕ್ಕಿಂತ ಹೆಚ್ಚೇ ತುಂಬಿಸಿಕೊಳ್ಳಿ.