ಬರ್ತೀನಿ ಅಂದು ಕೈಕೊಟ್ಟವರಿಗೆ, ಬಂದು ದಿನ ಹಾಳು ಮಾಡಿದವರಿಗೆ

ನಾವು ಎಂಟು ಜನ ಸ್ನೇಹಿತರು ಮಲ್ಪೆಯಿಂದ ಬೋಟಿನಲ್ಲಿ ಮೀನು ಹಿಡಿಯಲು ಹೋಗಬೇಕಿದ್ದ ಟ್ರಿಪ್ಪಿನ ವಿಷಯ ಇದು. ನಾಲ್ಕು ದಿನದಿಂದ ಹೊಟ್ಟೆಯೊಳಗೇ ಇಟ್ಟುಕೊಂಡಿದ್ದೆ. ಇವತ್ತು ಬರೆದೇ ಬಿಡುತ್ತೇನೆ. ಓದುವವರಲ್ಲಿ ಆ ಏಳು ಜನರೂ ಇರುತ್ತಾರೆ ಅಂತ ಗೊತ್ತು. ಇರಲಿ, ಓದಲಿ.

ನಮ್ಮೂರು ಹಾಸನ. ಸಮುದ್ರಕ್ಕೂ ನಮಗೂ ನಡುವೆ ಇಡೀ ಶಿರಾಡಿ ಘಾಟಿ ಇದೆ. ಮೀನು ಹಿಡಿಯುವುದು ಅಂದರೆ ನನಗೆ ಚಿಕ್ಕಂದಿನಿಂದ ಹೇಮಾವತಿ ಹಿನ್ನೀರು. ಶೆಟ್ಟಿಹಳ್ಳಿಯಲ್ಲಿ ಆ ಮುಳುಗೋ ಚರ್ಚ್ ಇದೆಯಲ್ಲ, ಅದರ ಆಚೆ ದಡದಲ್ಲಿ ಅಪ್ಪನ ಜೊತೆ ಕೂತು, ಬಿದಿರು ಕೋಲಿಗೆ ತಂಗೂಸಿ (ನೈಲಾನ್ ದಾರ) ಕಟ್ಟಿ, ಎರೆಹುಳ ಚುಚ್ಚಿ, ಬೆಂಡು ಯಾವಾಗ ಮುಳುಗುತ್ತೋ ಅಂತ ನೋಡುತ್ತಾ ಇರುವುದು. ಸಿಗುತ್ತಿದ್ದದ್ದು ಜಿಲೇಬಿ ಮೀನು. ಅದೃಷ್ಟ ಇದ್ದ ದಿನ ಒಂದು ಕಾಟ್ಲಾ. ಅಷ್ಟಕ್ಕೇ ಖುಷಿ ಪಟ್ಟವನು ನಾನು.

ಎರಡು ವರ್ಷದಿಂದ ಒಂದೇ ಆಸೆ ಇತ್ತು. ಸಮುದ್ರದ ತಳಕ್ಕೆ ಗಾಳ ಬಿಡಬೇಕು. ದಡದ ಬಂಡೆ ಮೇಲೆ ನಿಂತು ಎಸೆಯುವುದಲ್ಲ. ಬೋಟಿನಲ್ಲಿ ದಡ ಕಾಣದಷ್ಟು ದೂರ ಹೋಗಿ, ನೀರಿನಡಿ ಕಲ್ಲು ಇರುವ ಜಾಗ ನೋಡಿ ಲಂಗರು ಹಾಕಿ, ಸೀಸದ ಗುಂಡು ಇಳಿಸಿ ಮುರು, ಕೆಂಬೇರಿಯಂಥ ತಳದ ಮೀನು ಹಿಡಿಯುವುದು. ಬೆಳಿಗ್ಗೆಯಿಂದ ಸಂಜೆ ತನಕ, ಪೂರ್ತಿ ದಿನ. ಇದಕ್ಕೆ ವರ್ಷದಲ್ಲಿ ಸಿಗುವ ದಿನಗಳೇ ಕಡಿಮೆ. ಜೂನ್ 1ರಿಂದ ಜುಲೈ 31ರ ತನಕ 61 ದಿನ ಯಾಂತ್ರಿಕ ಬೋಟುಗಳು ಕಡಲಿಗೆ ಇಳಿಯುವ ಹಾಗೇ ಇಲ್ಲ. ಆಮೇಲೂ ಮಳೆ ಪೂರ್ತಿ ಬಿಡುವ ತನಕ ಸಮುದ್ರ ಒರಟು. ಚಳಿಗಾಲ ಕಳೆಯುವುದರೊಳಗೆ ಹೋಗಬೇಕು, ಇಲ್ಲಾಂದ್ರೆ ಮುಂದಿನ ವರ್ಷ.

ಅದಕ್ಕೇ ಜನವರಿಯಲ್ಲೇ ವಾಟ್ಸ್ಯಾಪ್ ಗುಂಪು ಮಾಡಿದೆ. ಎಂಟು ಜನ. ಎಲ್ಲರೂ ಒಂದೇ ಕಾಲೇಜಿನಲ್ಲಿ ಓದಿದವರು. ಮಲ್ಪೆಯಲ್ಲಿ ಒಬ್ಬರ ಬೋಟು ಗೊತ್ತು ಮಾಡಿದೆ. ದಿನಕ್ಕೆ 18,000 ರೂಪಾಯಿ. ಡೀಸೆಲ್, ಗಾಳಕ್ಕೆ ಹಾಕುವ ಮೀನಿನ ತುಂಡು, ಮಧ್ಯಾಹ್ನದ ಊಟ, ಇಬ್ಬರು ಕೆಲಸದವರು, ಎಲ್ಲಾ ಸೇರಿ. ತಲೆಗೆ 2,250. ಗುಂಪಿನಲ್ಲಿ ಹಾಕಿದ ತಕ್ಷಣ ಏಳು ಹೆಬ್ಬೆಟ್ಟು ಬಿತ್ತು. "ಫಿಕ್ಸ್ ಮಗಾ", "ನಾನಂತೂ ಬಂದೇ ಬರ್ತೀನಿ", "ಬುಕ್ ಮಾಡು ಗುರು, ಯೋಚನೆ ಮಾಡ್ಬೇಡ". ನಾನು ಅವರ ಮಾತು ನಂಬಿ ನನ್ನ ಕೈಯಿಂದಲೇ 9,000 ಅಡ್ವಾನ್ಸ್ ಕಳಿಸಿದೆ. ಯಾರ ಹತ್ತಿರವೂ ಮೊದಲೇ ದುಡ್ಡು ಕೇಳಲಿಲ್ಲ. ಸ್ನೇಹಿತರ ಹತ್ತಿರ ಕೇಳುವುದು ಹೇಗೆ ಅಂತ.

ಶನಿವಾರ ಮಧ್ಯಾಹ್ನ ಹೊರಡುವುದು, ಭಾನುವಾರ ಬೆಳಿಗ್ಗೆ ಐದೂವರೆಗೆ ಬಂದರಿನಲ್ಲಿ ಇರಬೇಕು. ಶುಕ್ರವಾರ ರಾತ್ರಿ ಹತ್ತೂಕಾಲಿಗೆ ಮೊದಲನೆಯವನ ಮೆಸೇಜು. ಸಕಲೇಶಪುರದ ಹತ್ತಿರ ಕಾಫಿ ತೋಟ ಇರುವವನು. "ಮಗಾ ತೋಟಕ್ಕೆ ಸ್ಪ್ರಿಂಕ್ಲರ್ ಹಾಕ್ಬೇಕು ಕಣೋ, ಆಗಲ್ಲ." ಫೆಬ್ರುವರಿಯಲ್ಲಿ ರೋಬಸ್ಟಾ ಕಾಫಿಗೆ ಹೂವು ಬಿಡಲು ನೀರು ಕೊಡಬೇಕು ಅನ್ನುವುದು ಇವನಿಗೆ ಶುಕ್ರವಾರ ರಾತ್ರಿ ಗೊತ್ತಾಯಿತಾ? ಅವರ ತಾತನ ಕಾಲದಿಂದ ಮಾಡುತ್ತಾ ಬಂದಿರುವ ಕೆಲಸ ಅದು. ತಾರೀಕು ಇಡುವಾಗ ನಾನೇ ಕೇಳಿದ್ದೆ, ಕುಯ್ಲು, ನೀರು ಏನಾದರೂ ಇದ್ದರೆ ಹೇಳು, ಒಂದು ವಾರ ಮುಂದೆ ಹಾಕೋಣ ಅಂತ. "ಮೇಸ್ತ್ರಿ ನೋಡ್ಕೋತಾನೆ" ಅಂದಿದ್ದ.

ಇವನು ಬಾಗಿಲು ತೆಗೆದ ಅಷ್ಟೇ. ಹತ್ತು ನಿಮಿಷಕ್ಕೆ ಇನ್ನೊಬ್ಬ, ಮಾವನ ಮನೆಯಲ್ಲಿ ಗೃಹಪ್ರವೇಶವಂತೆ. ಗೃಹಪ್ರವೇಶಕ್ಕೆ ತಿಂಗಳ ಮುಂಚೆ ಕಾರ್ಡು ಹಂಚಿರುತ್ತಾರೆ ಅಲ್ವಾ? ಮೂರನೆಯವನು ಬೆಂಗಳೂರಿನಿಂದ ಬರಬೇಕಾದವನು. ಅವನು ಮೆಸೇಜು ಕೂಡ ಹಾಕಲಿಲ್ಲ. ಶನಿವಾರ ನಾವು ಹಾಸನದ ಎನ್.ಆರ್. ಸರ್ಕಲ್ಲಿನಲ್ಲಿ ಒಂದು ತಾಸು ಕಾದು, ಹನ್ನೊಂದು ಸಲ ಫೋನ್ ಮಾಡಿದ ಮೇಲೆ ಎತ್ತಿದ. "ಲೋ, ಇವತ್ತಾ?"

ದುಡ್ಡಿನ ವಿಷಯಕ್ಕೆ ಬರುತ್ತೇನೆ, ಯಾಕಂದರೆ ನನಗೆ ಜಾಸ್ತಿ ಉರಿಯುತ್ತಿರುವುದು ಅಲ್ಲೇ. ಮೂವರಿಗೂ ಭಾನುವಾರ ರಾತ್ರಿ ಕೇಳಿದೆ, ನಿಮ್ಮ ಪಾಲು ಕೊಡಿ ಅಂತ. ಗೃಹಪ್ರವೇಶದವನು ಹೇಳಿದ ಮಾತು, "ನಾನು ಬರ್ಲೇ ಇಲ್ವಲ್ಲೋ, ನಾನ್ಯಾಕೆ ಕೊಡ್ಲಿ?" ಇದನ್ನು ಹೇಗೆ ಅರ್ಥ ಮಾಡಿಸಬೇಕೋ ನನಗೆ ಗೊತ್ತಾಗುತ್ತಿಲ್ಲ. ಇದು ಬಸ್ ಟಿಕೆಟ್ ಅಲ್ಲಪ್ಪಾ. ಬಾಡಿಗೆ ತಲೆಗಲ್ಲ, ಬೋಟಿಗೆ. ಎಂಟು ಜನ ಕೂತರೂ ಒಬ್ಬ ಕೂತರೂ ಇಂಜಿನ್ ಅಷ್ಟೇ ಡೀಸೆಲ್ ಕುಡಿಯುತ್ತದೆ. ಅವರು ನಮಗೋಸ್ಕರ ಆ ಭಾನುವಾರ ಬೇರೆ ಯಾರಿಗೂ ಬೋಟು ಕೊಟ್ಟಿಲ್ಲ. ನೀನು ಬರ್ತೀನಿ ಅಂದ ದಿನವೇ ನಿನ್ನ 2,250 ಖರ್ಚಾಗಿ ಹೋಯಿತು. ನೀನು ಬರದೇ ಇದ್ದರೆ ಆ ದುಡ್ಡು ಉಳಿಯುವುದಿಲ್ಲ, ನನ್ನ ಜೇಬಿನಿಂದ ಹೋಗುತ್ತದೆ. ಹೋಗಿದೆ ಕೂಡ. ಬಂದ ನಾಲ್ವರ ಹತ್ತಿರ ಅವರವರ ಪಾಲಿಗಿಂತ ಜಾಸ್ತಿ ಕೇಳುವುದು ಸರಿಯಲ್ಲ ಅನ್ನಿಸಿ ಮೂವರ 6,750 ನಾನೇ ಹಾಕಿದೆ. ನನ್ನದೂ ಸೇರಿ 9,000. ನಾನೊಬ್ಬ ಅರ್ಧ ಬೋಟಿನ ಬಾಡಿಗೆ ಕಟ್ಟಿದ್ದೇನೆ. ನನ್ನ ಸಂಬಳದಲ್ಲಿ 6,750 ಅಂದರೆ ಮಗಳ ಸ್ಕೂಲ್ ವ್ಯಾನಿನ ಮೂರು ತಿಂಗಳ ದುಡ್ಡು.

ಇನ್ನು ಬಂದವರ ಕಥೆ.

ಒಂದು ವಾರ ಮುಂಚಿನಿಂದ ಗುಂಪಿನಲ್ಲಿ ಮೂರು ಸಲ ಬರೆದಿದ್ದೆ. ಹಿಂದಿನ ರಾತ್ರಿ ಕುಡಿಯಬೇಡಿ. ಎಣ್ಣೆ ಪದಾರ್ಥ ತಿನ್ನಬೇಡಿ. ಬೋಟು ಹತ್ತುವ ಮುಂಚೆಯೇ ವಾಂತಿ ತಡೆಯುವ ಅವೊಮಿನ್ ಮಾತ್ರೆ ತಗೊಳ್ಳಿ, ವಾಂತಿ ಶುರುವಾದ ಮೇಲೆ ನುಂಗಿದರೆ ಅದು ಹೊಟ್ಟೆಯಲ್ಲಿ ನಿಲ್ಲುವುದೇ ಇಲ್ಲ. ಎಲ್ಲರಿಗೂ ಒಂದೊಂದು ಅಂತ ನಾನೇ ಒಂದು ಪಟ್ಟಿ ಮಾತ್ರೆ ಕೊಂಡುಕೊಂಡು ಹೋಗಿದ್ದೆ. ಮಲ್ಪೆಯಲ್ಲಿ ರೂಮಿಗೆ ಸೇರಿದ್ದು ರಾತ್ರಿ ಒಂಬತ್ತಕ್ಕೆ. ಇಬ್ಬರು ಚೀಲದಿಂದ ಬಾಟಲಿ ತೆಗೆದರು. ಎರಡು ಗಂಟೆ ತನಕ ಕುಡಿದರು. ಬೇಡ ಅಂದರೆ, "ಟ್ರಿಪ್ಪಿಗೆ ಬಂದಿರೋದು ಯಾಕೆ ಮತ್ತೆ?" ಬೆಳಿಗ್ಗೆ ಐದಕ್ಕೆ ಎಬ್ಬಿಸಿದರೆ ಒಬ್ಬ ಗೋಡೆ ಕಡೆ ತಿರುಗಿ ಮಲಗಿದ. ಬಂದರಿಗೆ ಹೋದಾಗ ಆರು ನಲವತ್ತು. ಬೋಟಿನ ತಂಡೇಲ, ಅಂದರೆ ಬೋಟು ನಡೆಸುವವರು, ಐವತ್ತು ದಾಟಿದ ಮನುಷ್ಯ, ಒಂದು ತಾಸಿನಿಂದ ಇಂಜಿನ್ ಹತ್ತಿರ ನಿಂತು ಕಾಯುತ್ತಿದ್ದರು. ಬೈಯಲಿಲ್ಲ. "ಲೇಟ್ ಆಯ್ತಲ್ಲ ಮಾರಾಯ್ರೆ" ಅಂದರು ಅಷ್ಟೇ. ನನಗೆ ಮುಖ ಎತ್ತಲು ಆಗಲಿಲ್ಲ. ಮಾತ್ರೆ ಕೊಟ್ಟರೆ ಕುಡಿದವರಲ್ಲಿ ಒಬ್ಬ, "ನಂಗೆ ಘಾಟಿಯಲ್ಲೇ ಏನೂ ಆಗಲ್ಲ, ಇಲ್ಲೇನಾಗುತ್ತೆ" ಅಂತ ಜೇಬಿಗೆ ಹಾಕಿಕೊಂಡ.

ಸೇಂಟ್ ಮೇರೀಸ್ ದ್ವೀಪ ಹಿಂದೆ ಬಿತ್ತು. ತೆಂಗಿನ ಮರಗಳ ಗೆರೆ ತೆಳ್ಳಗಾಗಿ ಅಳಿಸಿಹೋಯಿತು. ಎರಡೂವರೆ ತಾಸು ಓಡಿದ ಮೇಲೆ ತಂಡೇಲ ಇಂಜಿನ್ ಸಣ್ಣಗೆ ಮಾಡಿ, ಜಿಪಿಎಸ್ ನೋಡಿ, ಒಂದೇ ಜಾಗದ ಸುತ್ತ ಎರಡು ಸುತ್ತು ಹೊಡೆದರು. ಫಿಶ್ ಫೈಂಡರ್ ಪರದೆಯಲ್ಲಿ ಚಪ್ಪಟೆಯಾಗಿದ್ದ ತಳ ಒಂದು ಕಡೆ ಗುಡ್ಡದ ಹಾಗೆ ಎದ್ದಿತ್ತು. "ಇಲ್ಲಿ ಕಲ್ಲುಂಟು. ಇಪ್ಪತ್ತು ಮಾರು." ಒಂದು ಮಾರು ಅಂದರೆ ಸುಮಾರು ಆರಡಿ. ನೂರಿಪ್ಪತ್ತು ಅಡಿ ನೀರು ನಮ್ಮ ಕಾಲ ಕೆಳಗೆ.

ಬಂಗುಡೆ ತುಂಡು ಚುಚ್ಚಿ ಗುಂಡು ಬಿಟ್ಟೆ. ದಾರ ಓಡುತ್ತಲೇ ಇತ್ತು. ಬೆರಳಿನ ಮೇಲೆ ತಂಗೂಸಿ ಉಜ್ಜಿಕೊಂಡು ಹೋಗುವುದು ಬಿಸಿಯಾಗಿ ತಾಗುತ್ತದೆ. ಆಮೇಲೆ ಇದ್ದಕ್ಕಿದ್ದ ಹಾಗೆ ಸಡಿಲ. ಕೆಳಗೆ ಗುಂಡು ನೆಲ ಮುಟ್ಟಿದ್ದು ಇಲ್ಲಿ ನನ್ನ ಬೆರಳಿಗೆ ಗೊತ್ತಾಯಿತು. ಅಲ್ಲೇ ಬಿಟ್ಟರೆ ಕಲ್ಲಿಗೆ ಸಿಕ್ಕಿಕೊಳ್ಳುತ್ತದೆ, ಎರಡು ಸುತ್ತು ಮೇಲೆತ್ತಿ ದಾರ ಬಿಗಿಯಾಗಿ ಇಟ್ಟುಕೊಳ್ಳಬೇಕು. ಹೇಮಾವತಿಯಲ್ಲಿ ಬೆಂಡು ಕಣ್ಣಿಗೆ ಕಾಣುತ್ತದೆ. ಇಲ್ಲಿ ಎಲ್ಲವೂ ಬೆರಳಲ್ಲೇ. ಅರ್ಧ ತಾಸು ಏನೂ ಇಲ್ಲ. ಆಮೇಲೆ ಎರಡು ಸಲ ಕುಟುಕಿದ ಹಾಗಾಯಿತು, ಮೂರನೇ ಸಲ ಕೋಲು ಬಗ್ಗಿ ಬೋಟಿನ ಅಂಚಿಗೆ ತಾಗಿತು. ತಂಡೇಲ ಕೂಗಿದರು, "ಎತ್ತಿ ಎತ್ತಿ, ಕಲ್ಲಿಗೆ ಹೋಗ್ಲಿಕ್ಕೆ ಬಿಡ್ಬೇಡಿ!" ಮುರು ಹಾಗೇ. ಕಚ್ಚಿದ ತಕ್ಷಣ ತನ್ನ ಪೊಟರೆಗೆ ನುಗ್ಗುತ್ತದೆ, ಒಳಗೆ ಹೋದರೆ ದಾರ ಕಲ್ಲಿಗೆ ಉಜ್ಜಿ ಕಡಿದುಹೋಗುತ್ತದೆ. ತೋಳು ನಡುಗುತ್ತಿತ್ತು. ಮೇಲೆ ಬಂದಾಗ ಅದರ ಹೊಟ್ಟೆ ಉಬ್ಬಿ ಬಾಯಿಂದ ಒಳಚೀಲ ಹೊರಗೆ ಬಂದಿತ್ತು. ಅಷ್ಟು ಆಳದ ಒತ್ತಡದಿಂದ ಒಮ್ಮೆಲೇ ಮೇಲೆ ಬಂದರೆ ಒಳಗಿನ ಗಾಳಿಚೀಲ ಹಿಗ್ಗಿ ಹಾಗಾಗುತ್ತದೆ. ಮೂರು ಕೆಜಿ ಇತ್ತು. ನನ್ನ ಜೀವನದ ದೊಡ್ಡ ಮೀನು. ಬಂದ ನಾಲ್ವರಲ್ಲಿ ಒಬ್ಬರಾದ ಮೇಷ್ಟ್ರಿಗೆ ಒಂದು ಕೆಂಬೇರಿ ಬಂತು. ಆಳದಲ್ಲಿ ಕಪ್ಪಗೆ ಕಂಡದ್ದು, ಮೇಲೆ ಬರುತ್ತಾ ಬರುತ್ತಾ ಕುಂಕುಮದ ಹಾಗೆ ಕೆಂಪಾಯಿತು.

ಅಷ್ಟರಲ್ಲಿ ಶುರುವಾಯಿತು. ಲಂಗರು ಹಾಕಿದ ಬೋಟು ಓಡುವ ಬೋಟಿಗಿಂತ ಜಾಸ್ತಿ ತೂಗುತ್ತದೆ. ಮಾತ್ರೆ ಜೇಬಿಗೆ ಹಾಕಿಕೊಂಡವನು ಒಳಗೆ ಕ್ಯಾಬಿನ್ನಿನಲ್ಲಿ, ಡೀಸೆಲ್ ವಾಸನೆಯಲ್ಲಿ, ಮೊಬೈಲ್ ನೋಡುತ್ತಾ ಮಲಗಿದ್ದ. ವಾಂತಿ. ಅವನನ್ನು ನೋಡಿ ಅವನ ಜೊತೆ ಕುಡಿದವನಿಗೂ ವಾಂತಿ. ತಂಡೇಲ ಪಾಪ, ಬೋಟಿನ ನಡುವೆ ಕೂರಿಸಿ, ಮುಖ ತೊಳೆಸಿ, "ದೂರ ಆಕಾಶ ಸೇರುವಲ್ಲಿ ನೋಡಿ" ಅಂದರು. ಇವನು ಕಣ್ಣು ಮುಚ್ಚಿಕೊಂಡು ಒಂದೇ ಹಠ, "ವಾಪಸ್ ಹೋಗೋಣ." ಆಗ ಗಂಟೆ ಹನ್ನೊಂದೂಕಾಲು.

ಒಂದು ಮಾತು ಸ್ಪಷ್ಟವಾಗಿ ಹೇಳುತ್ತೇನೆ. ಸಮುದ್ರದಲ್ಲಿ ತಲೆ ತಿರುಗುವುದು ಯಾರ ತಪ್ಪೂ ಅಲ್ಲ. ಹುಟ್ಟಿದಾಗಿನಿಂದ ಕಡಲಲ್ಲಿ ಇರುವವರಿಗೂ ಕೆಲವು ದಿನ ಆಗುತ್ತದಂತೆ. ಮಾತ್ರೆ ತಗೊಂಡು, ನೆಟ್ಟಗೆ ನಿದ್ದೆ ಮಾಡಿ ಬಂದು ಆಗಿದ್ದರೆ ನಾನೇ ಬೋಟು ತಿರುಗಿಸಿ ಅಂತಿದ್ದೆ. ಇದು ಹಾಗಲ್ಲ. ಇದು ಹೇಳಿದ್ದನ್ನು ಕಿವಿಗೆ ಹಾಕಿಕೊಳ್ಳದೆ ತಂದುಕೊಂಡದ್ದು.

ಹೊಟ್ಟೆ ಉರಿಯುವ ವಿಷಯ ಇನ್ನೊಂದಿದೆ. ಅಲ್ಲಿ ತನಕ ನೀರಿನ ಹರಿವು ಜೋರಿತ್ತು. ಹರಿವಿದ್ದಾಗ ದಾರ ಓರೆಯಾಗಿ ಹೋಗುತ್ತದೆ, ಗುಂಡು ತಳದಲ್ಲಿ ನಿಲ್ಲುವುದಿಲ್ಲ. ಭರತಕ್ಕೂ ಇಳಿತಕ್ಕೂ ನಡುವೆ ಸ್ವಲ್ಪ ಹೊತ್ತು ನೀರು ನಿಲ್ಲುತ್ತದಲ್ಲ, ತಳದ ಮೀನಿಗೆ ಅದೇ ಹೊತ್ತು. ಅವತ್ತು ಅದು ಹನ್ನೆರಡೂವರೆ ಸುಮಾರಿಗೆ ಅಂತ ತಂಡೇಲ ಬೆಳಿಗ್ಗೆಯೇ ಹೇಳಿದ್ದರು. "ಇನ್ನೊಂದು ಗಂಟೆ ಕೂತ್ಕೊಳ್ಳಿ, ಈಗ ಮೀನು ತಿನ್ಲಿಕ್ಕೆ ಶುರು ಮಾಡ್ತದೆ" ಅಂತ ಕೇಳಿಕೊಂಡರು. ಬಂದವರಲ್ಲಿ ನಾಲ್ಕನೆಯವನು ವಾಂತಿ ಮಾಡಿದವರ ಕಡೆ ಸೇರಿಬಿಟ್ಟ, "ಪಾಪ ಬಿಡೋ, ಮೀನೇನು ಬಂದರಿನಲ್ಲೇ ಸಿಗುತ್ತೆ." ಮೂರು ಜನ ಒಂದು ಕಡೆ. ಮೇಷ್ಟ್ರು ತಲೆ ತಗ್ಗಿಸಿ ದಾರ ಸುತ್ತಿಕೊಳ್ಳುತ್ತಾ ಕೂತರು. ಲಂಗರು ಎತ್ತಿದರು. ಹನ್ನೆರಡೂವರೆಗೆ ನಾವು ದಡದ ಕಡೆ ಮುಖ ಮಾಡಿ ಓಡುತ್ತಿದ್ದೆವು. ನಾನು ಹಿಂಬದಿಯಲ್ಲಿ ನಿಂತು ಆ ಜಾಗ ಇದ್ದ ಕಡೆಯೇ ನೋಡುತ್ತಿದ್ದೆ. ನೀರು ಗಾಜಿನ ಹಾಗೆ ಸುಮ್ಮನಾಗಿತ್ತು.

ಎರಡು ವರ್ಷ ಕಾದದ್ದಕ್ಕೆ ನನಗೆ ಸಿಕ್ಕಿದ್ದು ಎರಡು ತಾಸು.

ಬಂದರಿನ ನೆಲ ಮುಟ್ಟಿದ ಅರ್ಧ ತಾಸಿಗೆ ಇಬ್ಬರೂ ಚೆನ್ನಾಗಾದರು. ಹೋಟೆಲಿನಲ್ಲಿ ಅಂಜಲ್ ಫ್ರೈ ತಿಂದರು. ವಾಪಸ್ ಬರುವಾಗ, ವಾಂತಿ ಮಾಡಿದವರಲ್ಲಿ ಒಬ್ಬ ಮೇಷ್ಟ್ರು ಹಿಡಿದ ಕೆಂಬೇರಿಯನ್ನೇ ಐಸ್ ಡಬ್ಬಿಯಿಂದ ಎತ್ತಿಕೊಂಡ. "ನಾನೂ ದುಡ್ಡು ಕೊಟ್ಟಿದ್ದೀನಿ." ಮೇಷ್ಟ್ರು ಏನೂ ಅನ್ನಲಿಲ್ಲ. ಅವರು ಅನ್ನುವುದೂ ಇಲ್ಲ, ಅದಕ್ಕೇ ಎಲ್ಲರೂ ಅವರ ಹತ್ತಿರ ಹೀಗೆ ಆಡುತ್ತಾರೆ. ನನ್ನ ಮುರು ಎರಡು ಕೈಯಲ್ಲಿ ಎತ್ತಿ ಹಿಡಿದು ನಾಲ್ಕನೆಯವನು ಫೋಟೋ ಹಾಕಿಕೊಂಡಿದ್ದಾನೆ, ತಾನೇ ಹಿಡಿದ ಹಾಗೆ. ಅದರ ಕೆಳಗೆ ಸ್ಪ್ರಿಂಕ್ಲರಿನವನು ಬರೆದಿದ್ದಾನೆ, "ಸೂಪರ್ ಮಗಾ, ನಮಗೂ ಎರಡು ಪೀಸ್ ಎತ್ತಿಡ್ರೋ, ನೆಕ್ಸ್ಟ್ ಟೈಮ್ ನಾನು ಪಕ್ಕಾ."

ಮುರುವನ್ನು ಮನೆಗೆ ತಂದೆ. ಅಮ್ಮ ಸಾರು ಮಾಡಿದರು. ಅಪ್ಪ ತಟ್ಟೆಯಲ್ಲಿದ್ದ ತುಂಡು ತಿರುಗಿಸಿ ನೋಡಿ, "ಎಷ್ಟು ಆಳದಲ್ಲಿತ್ತೋ ಇದು?" ಅಂದರು. ಇಪ್ಪತ್ತು ಮಾರು ಅಂದೆ. "ಇನ್ನೂ ಇದ್ವಾ ಅಲ್ಲಿ?" ಅಂದರು. ಇದ್ದವು ಅಪ್ಪಾ ಅಂದೆ.

ನಿನ್ನೆ ರಾತ್ರಿ ಗುಂಪಿನಲ್ಲಿ ಪೂರ್ತಿ ಲೆಕ್ಕ ಹಾಕಿದ್ದೇನೆ. ಬೋಟಿನ ರಸೀದಿ ಫೋಟೋ, ಮೂರು ಹೆಸರು, ಮೂರರ ಮುಂದೆಯೂ 2,250. ಎಲ್ಲರೂ ನೋಡಿದ್ದಾರೆ, ಎರಡು ನೀಲಿ ಗೆರೆ ಬಿದ್ದಿದೆ. ಈ ಹೊತ್ತಿನ ತನಕ ಉತ್ತರ ಬಂದಿರುವುದು ಮೇಷ್ಟ್ರದ್ದು ಮಾತ್ರ. ಆ ಮೂವರ ಪಾಲಿನಲ್ಲಿ ಅರ್ಧ ತಾನು ಹಾಕುತ್ತೇನೆ ಅಂದಿದ್ದಾರೆ. ಬೇಡ ಮೇಷ್ಟ್ರೇ. ಅದು ನಿಮ್ಮ ಸಾಲ ಅಲ್ಲ.