ಊಟಕ್ಕೆ ಕರೆದು, ಮೀನು ನೀವೇ ತನ್ನಿ ಅಂದರು

ದಕ್ಷಿಣ ಆಫ್ರಿಕಾದ ಕೇಪ್‌ಟೌನ್‌ಗೆ ಬಂದ ಹೊಸತು. ಆಫೀಸಿನ ಹಿರಿಯರೊಬ್ಬರು ಶನಿವಾರ ಮನೆಗೆ ಊಟಕ್ಕೆ ಬನ್ನಿ ಅಂದರು. ಪರಊರಲ್ಲಿ ಯಾರಾದರೂ ಹಾಗೆ ಕರೆದರೆ ಎಷ್ಟು ಹಿತ ಅನ್ನೋದು ಹೊರಗಿರುವವರಿಗೆಲ್ಲ ಗೊತ್ತು. ಅಷ್ಟರಲ್ಲಿ ಅವರೇ ಇನ್ನೊಂದು ಮಾತು ಸೇರಿಸಿದರು: “ನಿಮಗೆ ಬೇಕಾದ ಮೀನೋ ಮಾಂಸವೋ ನೀವೇ ತನ್ನಿ. ಕುಡಿಯೋಕೂ ಏನಾದರೂ ತನ್ನಿ. ಬೆಂಕಿ ನಮ್ಮದು.”

ಚುರ್ ಅಂತು. ನಾನು ಅಂಕೋಲೆಯವನು. ನಮ್ಮಲ್ಲಿ ಊಟಕ್ಕೆ ಕರೆದು, ‘ಬರುವಾಗ ನಾಲ್ಕು ಬಂಗಡೆ ಹಿಡ್ಕೊಂಡು ಬಾ’ ಅಂದರೆ ಆ ಮನೆಯ ಮೆಟ್ಟಿಲು ಮತ್ತೆ ಯಾರು ತುಳಿಯುತ್ತಾರೆ? ಇಸವಾಣ ಮೀನಿನ ತುಂಡು ಸಣ್ಣದು ಬಿತ್ತು ಅಂತ ವರ್ಷಗಟ್ಟಲೆ ನೆನಪಿಟ್ಟುಕೊಳ್ಳುವ ಜನ ನಾವು.

ಆದರೂ ಹೋದೆ. ಆಮೇಲೂ ಹೋಗುತ್ತಲೇ ಇದ್ದೇನೆ. ಈಗ ಆ ಬೆಂಕಿಯ ಸುತ್ತ ಸೇರುವ ಬಳಗದಲ್ಲಿ ನಾನೂ ಒಬ್ಬ. ಅಲ್ಲಿ ಕಂಡಿದ್ದನ್ನು ಊರಿನ ಪಕ್ಕ ಇಟ್ಟು ನೋಡಿದಾಗ ನನಗೆ ಊರಿನ ಮೇಲೆ ಸಿಟ್ಟು ಬರುತ್ತೆ.

ಅವರು ಇದನ್ನು ಬ್ರಾಯ್ ಅನ್ನುತ್ತಾರೆ. ಅಂಗಳದಲ್ಲಿ ಸೌದೆ ಉರಿಸಿ, ಅದು ಕೆಂಡವಾಗುವ ತನಕ ಕಾದು, ಮೇಲೆ ಜಾಲರಿ ಇಟ್ಟು ಸುಡೋದು. ಗ್ಯಾಸಿನ ಮೇಲೆ ಸುಟ್ಟರೆ ಹಳಬರು ಅದನ್ನು ಬ್ರಾಯ್ ಅಂತ ಒಪ್ಪೋದೇ ಇಲ್ಲ. ಸೌದೆ ಹದವಾದ ಕೆಂಡವಾಗಲು ಹತ್ತಿರ ಹತ್ತಿರ ಒಂದು ಗಂಟೆ ಬೇಕು. ಆ ಹೊತ್ತು ಯಾರಿಗೂ ಅವಸರ ಇಲ್ಲ. ಮನೆಯವರೂ ಬಂದವರೂ ಬೆಂಕಿಯ ಸುತ್ತ ನಿಂತು ಮಾತಾಡುತ್ತಿರುತ್ತಾರೆ. ಒಳಗೆ ಬೇಯುತ್ತಿರುವವರು ಒಬ್ಬರು, ಹೊರಗೆ ಕೂತು ಕಾಯುತ್ತಿರುವವರು ಇನ್ನೊಬ್ಬರು ಅನ್ನೋ ಹಾಗಿಲ್ಲ.

ಮೊದಲ ಸಲ ನಾನು ಕೊಂಡುಹೋಗಿದ್ದು ಸ್ನೂಕ್. ಆ ಕಡೆಯ ಕಡಲಿನ ಮೀನು, ಉದ್ದ, ಬೆಳ್ಳಿ ಬಣ್ಣ. ಚಳಿಗಾಲದಲ್ಲಿ ರಸ್ತೆ ಬದಿ ಸಣ್ಣ ಲಾರಿಯ ಹಿಂಬದಿಯಲ್ಲಿ ರಾಶಿ ಹಾಕಿ ಮಾರುತ್ತಾರೆ. ನನ್ನ ಕೈಯಿಂದ ಅದನ್ನು ತಗೊಂಡವರು ನಿವೃತ್ತ ಶಾಲಾ ಮಾಸ್ತರರು. ಮೀನನ್ನು ಪುಸ್ತಕದ ಹಾಗೆ ಬಿಡಿಸಿದರು. ಕಲ್ಲುಪ್ಪು ಸವರಿ ಗಾಳಿಗೆ ತೂಗುಹಾಕಿದರು. ಸ್ವಲ್ಪ ಹೊತ್ತು ಬಿಟ್ಟು ಉಪ್ಪು ತೊಳೆದು, ಬೆಣ್ಣೆ, ಬೆಳ್ಳುಳ್ಳಿ, ನಿಂಬೆರಸದ ಜೊತೆ ಏಪ್ರಿಕಾಟ್ ಜಾಮ್ ಕರಗಿಸಿ ಸವರಿದರು. ಮೀನಿಗೆ ಜಾಮ್! ಆಯಿಗೆ ಫೋನಲ್ಲಿ ಹೇಳಿದರೆ ನಂಬಲೇ ಇಲ್ಲ. ಆದರೆ ಉಪ್ಪು, ಸಿಹಿ, ಹೊಗೆ ಮೂರೂ ಸೇರಿ ಎಷ್ಟು ರುಚಿ ಅಂದರೆ, ಮುಳ್ಳು ಬಿಡಿಸಿ ಬಿಡಿಸಿ ತಿಂದೆ.

ಮಾಸ್ತರರು ಏನನ್ನೂ ಬಚ್ಚಿಡಲಿಲ್ಲ. ಉಪ್ಪು ಎಷ್ಟು ಹೊತ್ತು, ಜಾಲರಿ ಎಷ್ಟು ಎತ್ತರ, ಯಾವಾಗ ಮಗುಚಬೇಕು, ಎಲ್ಲ ಹೇಳಿದರು. ನನ್ನ ಅಂಗೈಯನ್ನು ಕೆಂಡದ ಮೇಲೆ ಹಿಡಿಸಿ, “ಎಷ್ಟು ಹೊತ್ತು ತಡ್ಕೊಳ್ಳೋಕೆ ಆಗುತ್ತೆ ನೋಡಿ, ಅದೇ ಶಾಖದ ಲೆಕ್ಕ” ಅಂದರು. ಊರಲ್ಲಿ ಸುಕ್ಕದ ಮಸಾಲೆ ಕೇಳಿ ನೋಡಿ. ‘ಅಂದಾಜಿಗೆ ಹಾಕೋದಪ್ಪ’ ಅನ್ನುತ್ತಾರೆ. ಆಯಿತು, ಆ ಮಾತು ಬಿಡೋಣ.

ನನಗೆ ಇನ್ನೂ ದೊಡ್ಡದಾಗಿ ಕಂಡಿದ್ದು ಬೇರೆ. ಒಂದೇ ಬೆಂಕಿಯ ಮೇಲೆ ಮೂರು ನಾಲ್ಕು ಜಾಲರಿ. ಕೇಪ್ ಮಲಯ್ ಮುಸಲ್ಮಾನರದು ಬೇರೆ, ಅದರ ಇಕ್ಕಳ ಬೇರೆ. ಹಂದಿಮಾಂಸ ತಿನ್ನುವವರದು ಅತ್ತ ತುದಿಗೆ. ಶಿರಸಿ ಕಡೆಯ ಭಟ್ಟರೊಬ್ಬರು ನಮ್ಮ ಬಳಗದಲ್ಲಿದ್ದಾರೆ, ಮೊಟ್ಟೆಯನ್ನೂ ಮುಟ್ಟದವರು. ಅವರದೂ ಒಂದು ಜಾಲರಿ. ಬದನೆಕಾಯಿ ಸುಟ್ಟು ಅಲ್ಲೇ ಗೊಜ್ಜು ಕಿವುಚುತ್ತಾರೆ. ಊರಿಂದ ಬಂದ ಹಲಸಿನ ಹಪ್ಪಳವನ್ನು ಕೆಂಡಕ್ಕೆ ತೋರಿಸಿ, ಉಬ್ಬುತ್ತಿದ್ದ ಹಾಗೆ ಎತ್ತಿ ಕೊಡುತ್ತಾರೆ. ಅದಕ್ಕೆ ಎಲ್ಲರೂ ಮುಗಿಬೀಳುತ್ತಾರೆ. ನೀನ್ಯಾಕೆ ಅದನ್ನು ತಿನ್ನಲ್ಲ ಅಂತ ಕೇಳಿದವರನ್ನು ನಾನು ಕಂಡಿಲ್ಲ.

ಇದು ಎಂಥ ದೇಶದಲ್ಲಿ ಅಂತ ನೆನಪಿಸಿಕೊಳ್ಳಿ. 1950ರ ಕಾನೂನು ಮೈಬಣ್ಣ ನೋಡಿ, ಯಾರು ಎಲ್ಲಿ ಮನೆ ಮಾಡಬೇಕು ಅಂತ ಗೆರೆ ಎಳೆದಿತ್ತು. ಕಡಲತೀರ ಕೂಡ ಬಿಳಿಯರದು ಬೇರೆ, ಉಳಿದವರದು ಬೇರೆ. ತೀರಗಳನ್ನು ಎಲ್ಲರಿಗೂ ತೆರೆದಿದ್ದು 1989ರಲ್ಲಿ. ಅಂಥ ಕಡೆ ಸೆಪ್ಟೆಂಬರ್ 24ರ ಪರಂಪರೆ ದಿನದಂದು ಎಲ್ಲರೂ ಬೆಂಕಿ ಹಚ್ಚಿ ಸೇರೋಣ ಅಂತ ಒಂದು ಪ್ರಯತ್ನ ಶುರುವಾಯಿತು. 2007ರಲ್ಲಿ, ವರ್ಣಭೇದದ ವಿರುದ್ಧ ಹೋರಾಡಿದ ಆರ್ಚ್‌ಬಿಷಪ್ ಡೆಸ್ಮಂಡ್ ಟುಟು ಅದಕ್ಕೆ ಪೋಷಕರಾದರು. ಒಂದು ಮಧ್ಯಾಹ್ನದ ಊಟದಿಂದ ಹಳೆಯ ಗಾಯ ಮಾಯೋದಿಲ್ಲ, ಅದು ನನಗೂ ಗೊತ್ತು. ಆದರೂ ಅವರು ಒಂದು ಬೆಂಕಿಯ ಸುತ್ತ ನಿಂತಿದ್ದಾರೆ. ಶಿರಸಿಯ ಭಟ್ಟರೂ ಅಂಕೋಲೆಯ ನಾನೂ ಊರಲ್ಲೇ ಇದ್ದಿದ್ದರೆ ಹೀಗೆ ಅಕ್ಕಪಕ್ಕ ನಿಂತು ಸುಟ್ಟು ತಿನ್ನುತ್ತಿದ್ದೆವಾ? ಘಟ್ಟ ಹತ್ತಿದರೆ ಎರಡು ತಾಸಿನ ದಾರಿ. ಅವರ ಮನೆಯ ಒಳಗೆ ನಾನು ಕಾಲಿಟ್ಟಿದ್ದು ಕೇಪ್‌ಟೌನಿನಲ್ಲಿ.

ಈಗ ಊರಿನ ಮಾತು. ಕಳೆದ ಸಲ ರಜೆಗೆ ಹೋದಾಗ ಭಾವನ ಮನೆಯಲ್ಲಿ ಊಟ ಇಟ್ಟುಕೊಂಡಿದ್ದರು, ನಾನು ಬಂದಿದ್ದೇನೆ ಅಂತಲೇ. ಬೆಳಿಗ್ಗೆಯೇ ಇಸವಾಣ, ಸಿಗಡಿ, ನೋಗ್ಲಿ ಬಂದಿತ್ತು. ನಾವು ಗಂಡಸರು ಜಗಲಿಯಲ್ಲಿ ಫ್ಯಾನ್ ಕೆಳಗೆ. ಅತ್ತಿಗೆ, ಅವರ ಅತ್ತೆ, ಕೆಲಸಕ್ಕೆ ಬರುವ ಹುಡುಗಿ ಮೂವರೂ ಒಳಗೆ. ನೀರು ಕುಡಿಯೋಕೆ ಅಂತ ಒಳಗೆ ಹೋದೆ. ಹೊಗೆಗೆ ಕಣ್ಣು ಉರಿಯಿತು. ಅತ್ತಿಗೆ ಒಂದು ಕೈಯಲ್ಲಿ ರವೆ ಹಚ್ಚುತ್ತಾ, ಇನ್ನೊಂದು ಕೈಯಲ್ಲಿ ಕಾವಲಿಯ ತುಂಡು ಮಗುಚುತ್ತಾ ನಿಂತಿದ್ದರು. ಹಣೆಯ ಬೆವರನ್ನು ತೋಳಿಂದ ಒರೆಸಿಕೊಳ್ಳುತ್ತಿದ್ದರು, ಅಂಗೈ ತುಂಬ ಮಸಾಲೆ ಇತ್ತಲ್ಲ. “ನೀವು ಹೊರಗೆ ಕೂತ್ಕಳಿ, ಆಯ್ತು ಇನ್ನೇನು” ಅಂದರು.

ಮೊದಲ ಪಂಕ್ತಿ ನಮ್ಮದು. ‘ಇನ್ನೊಂದು ಹಾಕಿ, ಬಿಸಿ ಇದೆ’ ಅನ್ನೋ ಉಪಚಾರ. ಎರಡನೆಯದು ಮಕ್ಕಳದು. ಹೆಂಗಸರು ಕೂತಾಗ ಗಂಟೆ ಮೂರೂವರೆ. ಅವರ ತಟ್ಟೆಯಲ್ಲಿ ಬಾಲದ ತುಂಡು, ತಳದ ಸಾರು. ನಾವು ಆಗ ವೀಳ್ಯದೆಲೆ ಮಡಚುತ್ತಾ, ನಮ್ಮ ಕಡೆಯ ಅತಿಥಿ ಸತ್ಕಾರ ಎಲ್ಲೂ ಇಲ್ಲ ಅಂತ ಮಾತಾಡುತ್ತಿದ್ದೆವು. ಸತ್ಕಾರ ಮಾಡಿದವರಿಗೆ ಆ ಮಾತು ಕೇಳುವಷ್ಟೂ ಪುರುಸೊತ್ತು ಇರಲಿಲ್ಲ.

ನನಗೆ ಸಿಟ್ಟು ಬರೋದು ಇದಕ್ಕೇ. ಕರೆಯೋದು ಯಜಮಾನ, ಹೆಸರು ಮನೆಗೆ, ದುಡಿಮೆ ಮಾತ್ರ ಒಳಗಿನವರದು. ಬ್ರಾಯ್‌ನಲ್ಲಿ ಮನೆಯ ಗಂಡಸೇ ಇಕ್ಕಳ ಹಿಡಿದು ನಿಲ್ಲುತ್ತಾನೆ. ಬಂದವರು ತಮ್ಮ ಪಾಲು ತಂದಿರುತ್ತಾರೆ, ಹಾಗಾಗಿ ಕರೆಯೋದು ಭಾರ ಅಲ್ಲ. ಭಾರ ಅಲ್ಲದ್ದರಿಂದ ಪದೇ ಪದೇ ಕರೆಯುತ್ತಾರೆ. ನಾವು ವರ್ಷಕ್ಕೊಮ್ಮೆ ಅದ್ದೂರಿಯಾಗಿ ಕರೆದು, ಸುಸ್ತಾಗಿ, ಮುಂದಿನ ವರ್ಷದ ತನಕ ಕರೆಯೋದಿಲ್ಲ.

ಸುಡೋದು ನಮಗೆ ಹೊಸತೇನೂ ಅಲ್ಲ. ಬಚ್ಚಲ ಒಲೆಯಲ್ಲಿ ಹಲಸಿನ ಬೇಳೆ ಹೂತವರು ನಾವು. ಮೇ ತಿಂಗಳಲ್ಲಿ ಹಸಿ ಗೇರುಬೀಜ ಸುಡುವಾಗ ಎಣ್ಣೆ ಸಿಡಿದು ಕೈ ಸುಟ್ಟುಕೊಳ್ಳದ ಮಕ್ಕಳುಂಟಾ? ಜೂನ್ 1ರಿಂದ ಜುಲೈ 31ರ ತನಕ 61 ದಿನ ಯಾಂತ್ರಿಕ ದೋಣಿ ಕಡಲಿಗಿಳಿಯದ ಹೊತ್ತಲ್ಲಿ, ಕೆಂಡಕ್ಕೆ ಹಾಕಿದ ಒಣಮೀನಿನ ವಾಸನೆಗೇ ಒಂದು ತಟ್ಟೆ ಗಂಜಿ ಇಳಿಯುತ್ತೆ. ಸೌದೆಗೂ ಬರ ಇಲ್ಲ. ಕೇಪ್‌ಟೌನಿನವರು ಮೆಚ್ಚುವ ರೂಯ್‌ಕ್ರಾನ್ಸ್ ಸೌದೆ ಆಸ್ಟ್ರೇಲಿಯಾದಿಂದ ಬಂದ ಅಕೇಶಿಯಾ. ಮರಳು ಹಾರದಿರಲಿ ಅಂತ ತಂದಿದ್ದು, ಈಗ ಅಲ್ಲಿನ ಕಾಡಿಗೇ ಕಂಟಕ. ಕಡಿದು ಸುಟ್ಟಷ್ಟೂ ಒಳ್ಳೆಯದು. ನಮ್ಮ ಗಾಳಿಮರವೂ ಆಸ್ಟ್ರೇಲಿಯಾ ಕಡೆಯದೇ. 1868ರಲ್ಲಿ ಕಾರವಾರದಲ್ಲಿ ನೆಟ್ಟಿದ್ದು. ಅದರ ಕೆಂಡ ಬಹಳ ಹೊತ್ತು ನಿಲ್ಲುತ್ತೆ.

ಅದೇ ರಜೆಯಲ್ಲಿ ಪೇಟೆಯ ವೆಲ್ಡಿಂಗ್ ಅಂಗಡಿಯಲ್ಲಿ ಮಡಚುವ ಜಾಲರಿ ಮಾಡಿಸಿದೆ. ಸ್ಟೀಲಿನದ್ದೇ ಆಗಬೇಕು, ಸತುವಿನ ಲೇಪ ಇರುವ ತಂತಿ ಅಡುಗೆಗೆ ಬೇಡ. ಅಂಗಳದಲ್ಲಿ ಗಾಳಿಮರದ ಸೌದೆ, ಮೇಲೆ ತೆಂಗಿನ ಗರಟೆ. ಬಂಗಡೆಗೆ ಎರಡೂ ಬದಿ ಗೀರು ಹಾಕಿ ಉಪ್ಪು, ಮೆಣಸಿನಪುಡಿ, ಅರಿಶಿನ, ಮುರುಗಲ ಹುಳಿ ಹಚ್ಚಿದೆ. ಜಾಲರಿಗೆ ಎಣ್ಣೆ ಸವರಿದರೆ ಚರ್ಮ ಅಂಟೋದಿಲ್ಲ. ಬಂಗಡೆಯ ಕೊಬ್ಬು ಕೆಂಡಕ್ಕೆ ತೊಟ್ಟಿಕ್ಕಿ ಉರಿ ಏಳುತ್ತೆ, ಆಗ ಕೆಂಡವನ್ನು ಅತ್ತಿತ್ತ ಹರವಬೇಕು. ದೊಡ್ಡಪ್ಪ ದಣಪೆಯ ಹತ್ತಿರ ನಿಂತು, “ಏನ್ ತಮಾ, ಮನೇಲಿ ಹೆಂಗಸ್ರು ಇಲ್ವಾ?” ಅಂದರು. ಉತ್ತರ ಕೊಡಲಿಲ್ಲ, ಒಂದು ಬಂಗಡೆ ಕೊಟ್ಟೆ. ಕೂತು ತಿಂದರು. ಸ್ವಲ್ಪ ಹೊತ್ತಿಗೆ ಭಾವ ಇಕ್ಕಳ ಇಸಕೊಂಡ. ಅತ್ತಿಗೆ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು ಮೊದಲ ಮೀನು ತಿಂದರು, ಬಿಸಿ ಇರುವಾಗಲೇ. ಆ ಮನೆಯಲ್ಲಿ ಅವರು ಬಿಸಿ ಮೀನು ತಿಂದಿದ್ದನ್ನು ನಾನು ನೋಡಿದ್ದು ಅವತ್ತೇ.

ಇಷ್ಟು ಹೇಳಿದ ಮೇಲೆ ಇನ್ನೆರಡು ಮಾತು ಹೇಳದಿದ್ದರೆ ತಪ್ಪಾಗುತ್ತೆ. ಕೇಪ್‌ಟೌನಿನಲ್ಲೂ ಗಂಡಸರು ಬೆಂಕಿಯ ಮುಂದೆ ನಿಂತು ಹೊಗಳಿಸಿಕೊಳ್ಳುವಾಗ, ಸಲಾಡ್ ಹೆಚ್ಚಿದ್ದು, ಮಸಾಲೆ ಹಚ್ಚಿ ನೆನೆಸಿಟ್ಟಿದ್ದು, ಕೊನೆಗೆ ಪಾತ್ರೆ ತೊಳೆದಿದ್ದು ಎಷ್ಟೋ ಮನೆಗಳಲ್ಲಿ ಹೆಂಗಸರೇ. ನಮ್ಮ ಬಳಗದಲ್ಲೂ ಅದು ಇದೆ.

ಇನ್ನೊಂದನ್ನು ಒಪ್ಪಿಕೊಳ್ಳೋಕೆ ನನಗೆ ಕಷ್ಟ, ಆದರೂ ನಿಜ. ಅಲ್ಲಿ ಕರೆದರೆ ಮಾತ್ರ ಹೋಗಬೇಕು. ಬುಧವಾರ ರಾತ್ರಿ ಹಸಿವಾಯಿತು ಅಂತ ಯಾರ ಬಾಗಿಲನ್ನೂ ತಟ್ಟೋಕಾಗಲ್ಲ. ಆಯಿ ಇವತ್ತಿಗೂ ಅನ್ನಕ್ಕೆ ಇಡುವಾಗ ಒಂದು ಪಾವು ಜಾಸ್ತಿ ಹಾಕುತ್ತಾರೆ, ಯಾರಾದರೂ ಬಂದರೆ ಅಂತ. ಬರಿಗೈಲಿ ಬಂದವನಿಗೂ ‘ಉಂಡ್ಕಂಡು ಹೋಗು’ ಅನ್ನುವ ಮನೆ ನಮ್ಮದು. ಜ್ವರ ಬಂದು ಒಬ್ಬನೇ ಮಲಗಿದ್ದಾಗ ನನಗೆ ನೆನಪಾಗಿದ್ದು ಸ್ನೂಕ್ ಅಲ್ಲ, ಆ ಪಾವು ಅಕ್ಕಿ.

ಬರುವ ಅಕ್ಟೋಬರಿನಲ್ಲಿ, ಮಳೆ ನಿಂತು ಬಂಗಡೆ ಕೊಬ್ಬಿರುವ ಹೊತ್ತಿಗೆ, ಅದೇ ಅಂಗಳದಲ್ಲಿ ಮತ್ತೆ ಬೆಂಕಿ ಹಾಕೋಣ ಅಂತ ಭಾವನಿಗೆ ಹೇಳಿದ್ದೇನೆ. ಭಟ್ಟರೂ ಆಗ ಊರಲ್ಲಿರುತ್ತಾರಂತೆ, ಬದನೆಕಾಯಿ ತರುತ್ತೇನೆ ಅಂದಿದ್ದಾರೆ. ಅವರಿಗೊಂದು ಬೇರೆ ಜಾಲರಿ ಮಾಡಿಸಬೇಕು. ಮೀನು ತರುವವರು ತರಲಿ, ತಾರದೆ ಬಂದವರಿಗೂ ತಟ್ಟೆ ಇಡೋಣ. ಮಸಾಲೆ ಅರೆಯೋದು, ಸುಡೋದು, ಪಾತ್ರೆ ತೊಳೆಯೋದು ಗಂಡಸರಿಗೆ. ಅತ್ತಿಗೆ ಅವತ್ತು ಅಡುಗೆಮನೆಗೆ ಹೋಗಕೂಡದು. ಅದೊಂದು ನನ್ನ ಹಠ.